ಹಳೇ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಡದೆ ಗುಜರಿಗೆ ಹಾಕಿದೆ: ನನ್ನ ಅನುಭವ

ನಮ್ಮ ಕಾರು 2007ರದ್ದು. 2022ರಲ್ಲಿ 15 ವರ್ಷ ಮುಗಿದಾಗ 5,000 ರೂಪಾಯಿ ಶುಲ್ಕ ಕಟ್ಟಿ ಆರ್‌ಸಿ ರಿನ್ಯೂ ಮಾಡಿಸಿದ್ದೆ. 2024ರ ಕೊನೆಗೆ ಒಂದು ದಿನ ಡ್ರೈವರ್ ಸೀಟಿನ ಕೆಳಗಿನ ಮ್ಯಾಟ್ ಎತ್ತಿದರೆ ತಗಡು ತುಕ್ಕು ಹಿಡಿದು ಬೆರಳು ಹೋಗುವಷ್ಟು ತೂತಾಗಿತ್ತು. ಇನ್ನು ಸಾಕು ಅನ್ನಿಸಿತು.

ಹೊಸ ಕಾರು ನೋಡಲು ಹೋದ ಮೊದಲ ಶೋರೂಮ್‌ನಲ್ಲಿ ಗಾಡಿ ಸುತ್ತ ಒಂದು ರೌಂಡ್ ಹಾಕಿ, "ಸಾರ್, ಇದಕ್ಕೆ 60,000 ಕೊಡಿಸ್ತೀನಿ" ಅಂದರು. ನನಗೆ ಖುಷಿಯೇ ಆಯಿತು. ಮನೆಗೆ ಬಂದು ಕೊಟೇಶನ್ ಬಿಡಿಸಿ ನೋಡಿದರೆ ಅದರಲ್ಲಿ 25,000 ಎಕ್ಸ್‌ಚೇಂಜ್ ಬೋನಸ್, ಗಾಡಿಗೆ ಅಂತ ಇದ್ದದ್ದು 35,000 ಮಾತ್ರ, ಕ್ಯಾಶ್ ಡಿಸ್ಕೌಂಟ್ ಸೊನ್ನೆ. ಮರುದಿನ ಇನ್ನೊಂದು ಶೋರೂಮ್‌ಗೆ ಹೋಗಿ, ಹಳೇ ಕಾರಿನ ಸುದ್ದಿಯೇ ಎತ್ತದೆ ಅದೇ ಮಾಡೆಲ್‌ಗೆ ಬೆಲೆ ಕೇಳಿದೆ. 30,000 ಕ್ಯಾಶ್ ಡಿಸ್ಕೌಂಟ್ ಬಂತು! ಅಂದ್ರೆ ನನಗೆ ಹೇಗೂ ಸಿಗುತ್ತಿದ್ದ ರಿಯಾಯಿತಿಯನ್ನೇ ಹಳೇ ಗಾಡಿಯ ಬೆಲೆ ಅಂತ ತೋರಿಸಿದ್ದರು, ಅಲ್ವಾ? ಅದಕ್ಕೇ ಹೇಳೋದು, ಹೊಸ ಕಾರಿನ ಬೆಲೆ ಮೊದಲು ಬರವಣಿಗೆಯಲ್ಲಿ ತಗೊಳ್ಳಿ, ಹಳೇದರ ಮಾತು ಆಮೇಲೆ.

ಆಗ ಇನ್ನೊಂದು ದಾರಿಯೂ ಇತ್ತು. ನೋಂದಾಯಿತ ಸ್ಕ್ರ್ಯಾಪಿಂಗ್ (ಗುಜರಿ) ಕೇಂದ್ರಕ್ಕೆ ಗಾಡಿ ಕೊಟ್ಟು, ಒಪ್ಪಿಸಿದ್ದಕ್ಕೆ ಅವರು ಕೊಡುವ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ತಂದರೆ ಹೊಸ ಕಾರಿನ ಮೇಲೆ ರಿಯಾಯಿತಿ ಕೊಡುತ್ತೇವೆ ಅಂತ ಹಲವು ಕಾರು ಕಂಪನಿಗಳು 2024ರ ಆಗಸ್ಟ್‌ನಲ್ಲಿ ಒಪ್ಪಿದ್ದವು. ಎಕ್ಸ್-ಶೋರೂಮ್ ಬೆಲೆಯ ಶೇ. 1.5 ಅಥವಾ 20,000, ಯಾವುದು ಕಡಿಮೆಯೋ ಅದು. ಗಾಡಿ ಗುಜರಿಗೆ ಹೋಗಿ ಆರು ತಿಂಗಳ ಒಳಗಿರಬೇಕಿತ್ತು. ಎಕ್ಸ್‌ಚೇಂಜ್ ಬೋನಸ್ ಜೊತೆಗೆ ಇದು ಸಿಗುತ್ತಿರಲಿಲ್ಲ, ಎರಡರಲ್ಲಿ ಒಂದೇ. ಈಗ ಯಾವ ಆಫರ್ ಇದೆ ಅಂತ ಶೋರೂಮ್‌ನಲ್ಲಿ ಕೇಳಿಕೊಳ್ಳಿ.

ನನ್ನ ಲೆಕ್ಕ ಹೀಗಾಯಿತು: ಹೊಸ ಕಾರು 8 ಲಕ್ಷ, ಅದರ ಶೇ. 1.5 ಅಂದರೆ 12,000. ಗುಜರಿ ಕೇಂದ್ರದವರು ಕೊಟ್ಟದ್ದು 22,000. ಹೊಸ ಕಾರಿನ ಬೆಲೆಯ ಶೇ. 4ರಿಂದ 6ರಷ್ಟು ಗುಜರಿ ಬೆಲೆ ಸಿಗುತ್ತೆ ಅಂತ ಸರ್ಕಾರದ ನೀತಿಯಲ್ಲಿ ಓದಿದ್ದೆ, ಬಂದದ್ದು ಅದಕ್ಕಿಂತ ಕಡಿಮೆಯೇ. ಎರಡನೇ ಶೋರೂಮ್‌ನ 30,000 ಕ್ಯಾಶ್ ಡಿಸ್ಕೌಂಟ್ ಸೇರಿಸಿ 64,000. ಎಕ್ಸ್‌ಚೇಂಜ್‌ಗಿಂತ 4,000 ಜಾಸ್ತಿ, ಅಷ್ಟೇ. ಈ ಸರ್ಟಿಫಿಕೇಟ್ ಇದ್ದರೆ ಹೊಸ ಗಾಡಿಯ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿಗೆ ಕೇಂದ್ರ ಸರ್ಕಾರದ ನಿಯಮದಲ್ಲಿ ಅವಕಾಶವಿದೆ, ಆದರೆ ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಹಾಗಾಗಿ ಆರ್‌ಟಿಓದಲ್ಲಿ ವಿಚಾರಿಸದೆ ಲೆಕ್ಕಕ್ಕೆ ಹಿಡಿಯಬೇಡಿ.

ನಿಜ ಹೇಳಬೇಕೆಂದರೆ ನಾನು ಆ 4,000ಕ್ಕಾಗಿ ಗುಜರಿಗೆ ಹಾಕಲಿಲ್ಲ. ಎಕ್ಸ್‌ಚೇಂಜ್‌ಗೆ ಕೊಡಬೇಕಾದರೆ ಅಂತ ಮಾಲೀಕತ್ವ ವರ್ಗಾಯಿಸುವ ಫಾರ್ಮ್ 29, 30ಕ್ಕೆ ಖಾಲಿಯಾಗಿಯೇ ಸಹಿ ಕೇಳಿದರು. ಆ ಗಾಡಿ ಆಮೇಲೆ ಯಾರ ಕೈಗೆ ಹೋಗುತ್ತೋ, ಆರ್‌ಸಿ ಯಾವಾಗ ಬದಲಾಗುತ್ತೋ. ಅಲ್ಲಿಯವರೆಗೆ ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ತೂತು ಬಿದ್ದ ತಗಡಿನ ಗಾಡಿಯನ್ನು ನನ್ನ ಹೆಸರಿನಲ್ಲಿ ಇನ್ಯಾರೋ ಓಡಿಸುವುದು ನನಗೆ ಬೇಡವಾಗಿತ್ತು.

ಗುಜರಿ ಕೇಂದ್ರದವರು ಆರ್‌ಸಿ, ಆಧಾರ್, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್ ಕೇಳಿದರು. ಇಲ್ಲೊಂದು ತೊಡಕಾಯಿತು. ಸಾಲ ಎಂದೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿತ್ತು. ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಸಾಲದ ನಮೂದು ತೆಗೆಸುವ ಫಾರ್ಮ್ 35 ತಂದು ಅದನ್ನು ತೆಗೆಸುವಷ್ಟರಲ್ಲಿ ಮೂರು ವಾರ ಹೋಯಿತು. ನೀವು ಮೊದಲೇ ನೋಡಿಕೊಳ್ಳಿ. ಬಾಕಿ ದಂಡವನ್ನೂ ಕಟ್ಟಿಬಿಡಿ.

ಗಾಡಿ ಬಿಟ್ಟು ಬರುವ ದಿನ ಅವರು ಮೊದಲು ಬ್ಯಾಟರಿ ಬಿಚ್ಚಿದರು, ಆಮೇಲೆ ಆಯಿಲ್ ಇಳಿಸಿದರು. ಡಿಕ್ಕಿಯಲ್ಲಿ ಮಗಳ ಹಳೇ ಛತ್ರಿ ಸಿಕ್ಕಿತು, ಅದನ್ನು ಎತ್ತಿಕೊಂಡೆ. ಸರ್ಟಿಫಿಕೇಟ್ ಕೈಗೆ ಬರುವವರೆಗೆ ಹೊಸ ಕಾರಿನ ಪೂರ್ತಿ ಹಣ ಕಟ್ಟಲಿಲ್ಲ.

ಇನ್ನೊಂದು ವಿಷಯ, ಶೋರೂಮ್‌ನಲ್ಲಿ ಯಾರೂ ನನಗೆ ಹೇಳಲಿಲ್ಲ. ಹಳೇ ಗಾಡಿಯ ನೋ ಕ್ಲೇಮ್ ಬೋನಸ್, ಅಂದರೆ ವಿಮೆಯಲ್ಲಿ ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ, ಗಾಡಿಯದಲ್ಲ, ನಿಮ್ಮದು. ನನ್ನದು ಶೇ. 50 ಇತ್ತು. ಇನ್ಶೂರೆನ್ಸ್ ಕಂಪನಿಯಿಂದ ಅದರ ಪತ್ರ ತಂದುಕೊಟ್ಟದ್ದಕ್ಕೆ ಹೊಸ ಕಾರಿನ ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗುವ ಹಾನಿಯ ವಿಮೆ) ಪ್ರೀಮಿಯಂ ಅರ್ಧಕ್ಕೆ ಇಳಿಯಿತು. ಆ ಪತ್ರ ಮೂರು ವರ್ಷ ನಡೆಯುತ್ತದೆ, ಹೊಸ ಕಾರು ತಕ್ಷಣ ತೆಗೆದುಕೊಳ್ಳದಿದ್ದರೂ ಕೇಳಿ ಇಟ್ಟುಕೊಳ್ಳಿ.