ಎರಡು ಜೀನೋಮುಗಳನ್ನು ಹೋಲಿಸಿದ ಬಗೆ: ನನ್ನ ಅನುಭವ

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುವ ನನಗೆ ಪ್ರೊಕ್ಲೊರೊಕಾಕಸ್ ಎಂಬ ಕಡಲ ಬ್ಯಾಕ್ಟೀರಿಯಾದ ಪರಿಚಯವಾದದ್ದು ಅದರ ಜೀನೋಮ್, ಅಂದರೆ ಇಡೀ ಡಿಎನ್‌ಎ ಸರಣಿಯ, ಕಡತಗಳ ಮೂಲಕ. 1980ರ ದಶಕದಲ್ಲಿ ಸ್ಯಾಲಿ ಚಿಶೋಮ್, ರಾಬರ್ಟ್ ಓಲ್ಸನ್ ಮತ್ತು ಸಂಗಡಿಗರು ಗುರುತಿಸಿದ, ಒಂದು ಮೈಕ್ರೋಮೀಟರಿಗಿಂತ ಚಿಕ್ಕದಾದ ಈ ಜೀವಿ, ದ್ಯುತಿಸಂಶ್ಲೇಷಣೆ ನಡೆಸುವ ಜೀವಿಗಳಲ್ಲೆಲ್ಲ ಸಂಖ್ಯೆಯಲ್ಲಿ ಮೊದಲನೆಯದು.

ಹೋಲಿಕೆಗೆ ಎರಡು ತಳಿಗಳನ್ನು ಆರಿಸಿಕೊಂಡೆ. ಎಂಇಡಿ4 ಮೆಡಿಟರೇನಿಯನ್ ಸಮುದ್ರದ ಮೇಲ್ಪದರದ್ದು. ಎಂಐಟಿ9313 ಗಲ್ಫ್ ಸ್ಟ್ರೀಮಿನಲ್ಲಿ 135 ಮೀಟರ್ ಆಳದ ಮಂದ ಬೆಳಕಿನದು. ಬ್ಯಾಕ್ಟೀರಿಯಾಗಳ ನಂಟನ್ನು ಅಳೆಯಲು ಬಳಸುವ 16ಎಸ್ ಜೀನಿನಲ್ಲಿ ಇವೆರಡರ ನಡುವಿನ ವ್ಯತ್ಯಾಸ ಶೇ. 3ಕ್ಕಿಂತ ಕಡಿಮೆ, ಹಳೆಯ ಅಳತೆಗೋಲಿನಂತೆ ಎರಡೂ ಒಂದೇ ಪ್ರಭೇದ. ಆದರೆ 2003ರಲ್ಲಿ ಪ್ರಕಟವಾದ ಪೂರ್ಣ ಜೀನೋಮುಗಳನ್ನು ತೆರೆದರೆ ಮೊದಲನೆಯದರಲ್ಲಿ ಸುಮಾರು 16.6 ಲಕ್ಷ, ಎರಡನೆಯದರಲ್ಲಿ 24 ಲಕ್ಷ ಬೇಸ್ ಜೋಡಿಗಳು, ಅಂದರೆ ಡಿಎನ್‌ಎಯ ‘ಅಕ್ಷರ’ಗಳು, ಇವೆ. ಎರಡಕ್ಕೂ ಸಮಾನವಾದ ಜೀನುಗಳು ಸುಮಾರು 1,350 ಮಾತ್ರ.

ಈ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ‘ಈ ಜೀನು ಇಲ್ಲಿಲ್ಲ’ ಎಂದು ಬರೆಯುವಾಗ. ಬೇರೆ ಬೇರೆ ಕಾಲದಲ್ಲಿ, ಬೇರೆ ವಿಧಾನಗಳಿಂದ ಜೀನುಗಳನ್ನು ಗುರುತಿಸಿದ ಕಡತಗಳನ್ನು ನೇರವಾಗಿ ಹೋಲಿಸಿದರೆ, ವಿಧಾನದ ವ್ಯತ್ಯಾಸವೇ ವಿಕಾಸದ ವ್ಯತ್ಯಾಸದಂತೆ ಕಾಣಿಸಿಬಿಡುತ್ತದೆ. ಆದ್ದರಿಂದ ಎರಡೂ ಡಿಎನ್‌ಎ ಸರಣಿಗಳ ಮೇಲೆ, ಜೀನುಗಳನ್ನು ಗುರುತಿಸುವ ಪ್ರೊಕ್ಕಾ ತಂತ್ರಾಂಶವನ್ನು ಹೊಸದಾಗಿ ಓಡಿಸಿದೆ. ಸರಣಿಗಳ ಹೋಲಿಕೆ ಹುಡುಕುವ ಬ್ಲಾಸ್ಟ್ ತಂತ್ರಾಂಶದಲ್ಲಿ ಅತ್ತಿಂದಿತ್ತ ಹುಡುಕಿದಾಗಲೂ ಇತ್ತಿಂದತ್ತ ಹುಡುಕಿದಾಗಲೂ ಪರಸ್ಪರ ಅತ್ಯುತ್ತಮ ಜೋಡಿಯಾಗಿ ಬಂದವನ್ನಷ್ಟೇ ಸಮಾನ ಜೀನುಗಳೆಂದು ಎಣಿಸಿದೆ. ಜೋಡಿ ಸಿಗದ ಪ್ರತಿಯೊಂದು ಪ್ರೋಟೀನನ್ನೂ ಇನ್ನೊಂದು ತಳಿಯ ಇಡೀ ಡಿಎನ್‌ಎಯಲ್ಲಿ ಮತ್ತೆ ಹುಡುಕಿದೆ. ಏಕೆಂದರೆ ಅತಿ ಬೆಳಕಿನ ಒತ್ತಡಕ್ಕೆ ಸ್ಪಂದಿಸುವ ಎಚ್‌ಎಲ್‌ಐ ಜೀನುಗಳು ತೀರಾ ಗಿಡ್ಡವಾಗಿದ್ದು, ತಂತ್ರಾಂಶದ ಕಣ್ಣು ತಪ್ಪಿಸುವುದುಂಟು. ಈ ಬೇಸರದ ಹಂತವನ್ನು ವಿದ್ಯಾರ್ಥಿಗಳು ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಹೀಗೆ ಸೋಸಿದ ಮೇಲೂ ಎಂಇಡಿ4ರಲ್ಲಿ ನೈಟ್ರೈಟ್ ಎಂಬ ಸಾರಜನಕ ಸಂಯುಕ್ತವನ್ನು ಬಳಸುವ ಕಿಣ್ವದ ಜೀನು ಸಿಗಲಿಲ್ಲ, ಎಂಐಟಿ9313ರಲ್ಲಿ ಅದಿದೆ. ನೈಟ್ರೈಟ್ ವಿರಳವಾದ ಮೇಲ್ಪದರದಲ್ಲಿ ಆ ಜೀನನ್ನು ಕಳೆದುಕೊಂಡರೂ ನಷ್ಟವಿಲ್ಲ, ಆಳದಲ್ಲಿ ಉಳಿಸಿಕೊಂಡರೆ ಲಾಭವಿದೆ. ಎಚ್‌ಎಲ್‌ಐ ಜೀನುಗಳಾದರೋ ಎಂಇಡಿ4ರಲ್ಲೇ ಹೆಚ್ಚು.

ಬಳಿಕ ಎಂಇಡಿ4ರ ಜೀನುಗಳ ಕ್ರಮವನ್ನು ಅದರ ಹತ್ತಿರದ ತಳಿ ಎಂಐಟಿ9312ರ ಪಕ್ಕದಲ್ಲಿಟ್ಟೆ. ಉದ್ದಕ್ಕೂ ಸಾಲುಸಾಲಾಗಿ ಹೊಂದುವ ಕ್ರಮ ಕೆಲವೆಡೆ ಥಟ್ಟನೆ ಕಡಿದುಹೋಗಿ, ಹೊಂದದ ಜೀನುಗಳ ತುಣುಕುಗಳು ಎದುರಾಗುತ್ತವೆ. ‘ಜೀನೋಮ್ ದ್ವೀಪ’ಗಳೆನಿಸಿದ ಈ ತುಣುಕುಗಳ ಅಂಚಿನಲ್ಲಿ ಹಲವೆಡೆ ಟಿಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಅಮೈನೋ ಆಮ್ಲಗಳನ್ನು ತರುವ ಆರ್‌ಎನ್‌ಎ) ಜೀನುಗಳಿವೆ, ವೈರಸ್‌ಗಳ ಡಿಎನ್‌ಎ ಬ್ಯಾಕ್ಟೀರಿಯಾದೊಳಗೆ ಸೇರಿಕೊಳ್ಳುವ ತಾಣಗಳೂ ಸಾಮಾನ್ಯವಾಗಿ ಇಂಥವೇ. ಎಚ್‌ಎಲ್‌ಐ ಜೀನುಗಳಲ್ಲಿ ಕೆಲವು ಈ ದ್ವೀಪಗಳಲ್ಲೇ ಇವೆ, ಮತ್ತು ಪ್ರೊಕ್ಲೊರೊಕಾಕಸ್ಸನ್ನು ಸೋಂಕುವ ವೈರಸ್‌ಗಳೂ ಅಂಥ ಜೀನುಗಳನ್ನು ಹೊತ್ತಿವೆ. ಈಗ ವಿದ್ಯಾರ್ಥಿಗಳೊಂದಿಗೆ ಈ ಒಂದೇ ಜೀನ್ ಕುಟುಂಬದ ವಂಶವೃಕ್ಷವನ್ನು, ಬ್ಯಾಕ್ಟೀರಿಯಾ ಮತ್ತು ವೈರಸ್‌ ಎರಡರ ಸರಣಿಗಳನ್ನೂ ಸೇರಿಸಿ, ಕಟ್ಟುತ್ತಿದ್ದೇನೆ.