ಆಟಿಸಂ ಇರುವ ಮಗುವಿನ ಮನೆಗೆ ನಾಯಿಯನ್ನು ತರುವಾಗ

ಆಟಿಸಂ ಇರುವ ಮಗುವಿಗೆ ನಾಯಿ ಒಳ್ಳೆಯ ಸಂಗಾತಿಯಾಗಬಲ್ಲದು, ಆದರೆ ಅದು ಔಷಧವಲ್ಲ, ಥೆರಪಿಗೆ ಬದಲಿಯೂ ಅಲ್ಲ. ನಾಯಿ ಬಂದರೆ ಮಗುವಿಗೆ ಮಾತು ಬಂದೀತು ಎಂಬ ಆಸೆಯಿಂದ ಮರಿಯನ್ನು ತಂದರೆ ಸಲ್ಲದ ಭಾರವೊಂದು ಇಬ್ಬರ ಮೇಲೂ ಬೀಳುತ್ತದೆ. ಆದ್ದರಿಂದ ಹಿರಿಯರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು: ಮಗು ಈ ನಾಯಿಯನ್ನು ಒಮ್ಮೆಯೂ ಮುಟ್ಟದಿದ್ದರೂ ಹತ್ತು ಹನ್ನೆರಡು ವರ್ಷ ಇದನ್ನು ನಾವು ಸಾಕುತ್ತೇವೆಯೇ? ಉತ್ತರ ಇಲ್ಲವೆಂದಾದರೆ ವಿಚಾರವನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ತರಬೇತಾದ ಸಹಾಯಕ ನಾಯಿ ಬೇರೆ, ಸಾಕುನಾಯಿ ಬೇರೆ. ಕೆನಡಾದ ಮಕ್ಕಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಟಿಸಂ ಇರುವ 42 ಮಕ್ಕಳ ಮನೆಗೆ ಸಹಾಯಕ ನಾಯಿ ಬಂದ ಮೇಲೆ, ಬೆಳಗ್ಗೆ ಎದ್ದ ಕೂಡಲೇ ಕಾಣುವ ಕಾರ್ಟಿಸಾಲ್ (ಒತ್ತಡಕ್ಕೆ ಸಂಬಂಧಿಸಿದ ಹಾರ್ಮೋನು) ಏರಿಕೆ ತಗ್ಗಿತು. ನಾಯಿಯನ್ನು ಕೆಲಕಾಲ ಹೊರಗಿಟ್ಟಾಗ ಅದು ಮತ್ತೆ ಹೆಚ್ಚಿತು. ದಿನದ ಸರಾಸರಿ ಮಟ್ಟ ಮಾತ್ರ ಬದಲಾಗಲಿಲ್ಲ. ಅಂಥ ನಾಯಿಗಳು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಇಲ್ಲಿ ಹೇಳುವುದೆಲ್ಲ ಸಾಕುನಾಯಿಯ ವಿಷಯ. ವಿದೇಶದ ವಿಡಿಯೊಗಳಲ್ಲಿ ಕಂಡಂತೆ ಮಗುವಿನ ಸೊಂಟವನ್ನು ಸಾಕುನಾಯಿಯ ಪಟ್ಟಿಗೆ ಕಟ್ಟಲೇಬೇಡಿ.

ಆಯ್ಕೆ ಮಾಡುವ ಮುನ್ನ ಮಗುವಿಗೆ ಯಾವುದು ಸಹಿಸದು ಎಂಬುದನ್ನು ನೋಡಿಕೊಳ್ಳಿ. ಬೊಗಳುವ ಸದ್ದೋ, ಜೊಲ್ಲೋ, ಮಳೆಯಲ್ಲಿ ನೆಂದ ರೋಮದ ವಾಸನೆಯೋ? ಪರಿಚಿತರ ಮನೆಯ ನಾಯಿಯನ್ನು ದೂರದಿಂದ ಹಲವು ಸಲ ತೋರಿಸಿ, ಬೊಗಳುವ ಧ್ವನಿಯನ್ನು ಮೊಬೈಲಿನಲ್ಲಿ ಮೆಲ್ಲಗೆ ಕೇಳಿಸಿ. ಚೂಪು ಹಲ್ಲಿನಿಂದ ಎಲ್ಲವನ್ನೂ ಕಚ್ಚಿ ನೋಡುವ, ಮೈಮೇಲೆ ಹಾರುವ ಮರಿಗಿಂತ, ಸ್ವಭಾವ ಸ್ಥಿರಗೊಂಡ ಎರಡು ಮೂರು ವರ್ಷದ ನಾಯಿಯೇ ಮೇಲೆಂಬುದು ನನ್ನ ಅಭಿಪ್ರಾಯ. ಶಾಂತ ಸ್ವಭಾವದ್ದಾದರೆ ಬೀದಿಯಿಂದ ದತ್ತು ತಂದ ನಾಟಿ ನಾಯಿಯೂ ಆದೀತು. ಮುಧೋಳದ ಬಗ್ಗೆ ನಮಗೆ ಎಷ್ಟೇ ಹೆಮ್ಮೆಯಿದ್ದರೂ, ಅದು ಓಡುವುದನ್ನು ಕಂಡರೆ ಬೆನ್ನಟ್ಟುವ ಬೇಟೆನಾಯಿ. ಥಟ್ಟನೆ ಎದ್ದು ಓಡುವ ಮಗುವಿರುವ ಮನೆಗೆ ಅದನ್ನು ತರುವ ಮುನ್ನ ಎರಡು ಸಲ ಯೋಚಿಸಬೇಕು.

ನಾಯಿ ಬರುವ ಮೊದಲೇ ಅದರ ಚಿತ್ರ, ಅದು ಮಲಗುವ ಜಾಗ, ಊಟದ ಹೊತ್ತು, ಇವನ್ನೆಲ್ಲ ಮಗುವಿನ ದಿನಚರಿಯ ಚಿತ್ರಕಾರ್ಡುಗಳಿಗೆ ಸೇರಿಸಿ. ಮಗು ಹೋಗಬಾರದ ಮೂಲೆಯೊಂದು ನಾಯಿಗೆ ಬೇಕು, ನಾಯಿ ಬರಬಾರದ ಕೋಣೆಯೊಂದು ಮಗುವಿಗೆ ಬೇಕು. ಸಾಲಾಗಿ ಜೋಡಿಸಿಟ್ಟ ಆಟಿಕೆಗಳನ್ನು ನಾಯಿಯ ಬಾಲ ಕೆಡವದಂತೆ ಎತ್ತರದಲ್ಲಿಡಿ, ಏಕೆಂದರೆ ಎಷ್ಟೋ ಜಗಳ ಇಲ್ಲಿಂದಲೇ ಹುಟ್ಟುತ್ತದೆ. ರೇಬೀಸ್ ಲಸಿಕೆ ಕಡ್ಡಾಯ. ಲಸಿಕೆ ಹಾಕಿಸಿದ ನಾಯಿಯೇ ಆದರೂ, ಅದು ಕಚ್ಚಿದರೆ ಅಥವಾ ಪರಚಿ ಗಾಯವಾದರೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು.

ಮೊದಲ ವಾರಗಳಲ್ಲಿ ಮುಟ್ಟಿಸುವ ಆತುರ ಬೇಡ. ಮಗು ತನ್ನ ಪಾಡಿಗೆ ಆಡುತ್ತಿರಲಿ, ಪಟ್ಟಿ ಹಾಕಿದ ನಾಯಿ ನಿಮ್ಮ ಕಾಲ ಬಳಿ ಮಲಗಿರಲಿ. ಮಗು ತಾನಾಗಿ ಕೈಚಾಚಿದಾಗ ನಾಯಿಯ ಕತ್ತಿನ ಪಕ್ಕವನ್ನೋ ಎದೆಯನ್ನೋ ಮೂರು ಎಣಿಸುವವರೆಗೆ ಸವರಿ ಕೈ ತೆಗೆಯಲು ಕಲಿಸಿ. ನಾಯಿ ಇನ್ನಷ್ಟು ಒತ್ತಿಕೊಂಡು ಬಂದರೆ ಮತ್ತೆ ಮೂರು ಎಣಿಕೆ, ಮುಖ ತಿರುಗಿಸಿದರೆ ಅಲ್ಲಿಗೆ ಸಾಕು. ನಿದ್ದೆಯಿಲ್ಲದೆ ಆಕಳಿಸುವುದು, ಮೂಗನ್ನು ನೆಕ್ಕಿಕೊಳ್ಳುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಮೈ ಬಿಗಿಯುವುದು, ಇವೆಲ್ಲ 'ಬೇಡ' ಎಂಬುದರ ಗುರುತುಗಳೆಂದು ಚಿತ್ರ ತೋರಿಸಿ ಹೇಳಿಕೊಡಬಹುದು. ಮನುಷ್ಯರ ಮುಖಭಾವಕ್ಕಿಂತ ಇದು ಸರಳವೆಂದೇ ನನಗನ್ನಿಸುತ್ತದೆ. ಒಳಗೊಂದು ಇಟ್ಟುಕೊಂಡು ಹೊರಗೊಂದು ಆಡುವುದು ನಾಯಿಗೆ ತಿಳಿಯದು. ಬಿಗಿಯಾದ ಒತ್ತಡವನ್ನು ಬಯಸುವ ಮಗು ನಾಯಿಯನ್ನು ಗಟ್ಟಿಯಾಗಿ ಅಪ್ಪಿಕೊಳ್ಳಲು ನೋಡುತ್ತದೆ. ಅನೇಕ ನಾಯಿಗಳಿಗೆ ಅದು ಹಿಂಸೆಯಾದ್ದರಿಂದ ಅಪ್ಪಿಕೊಳ್ಳಲು ಭಾರದ ದಿಂಬೊಂದನ್ನು ಕೊಡಿ.

ನಂಟು ಬೆಳೆಯುವುದು ಮುದ್ದಿನಿಂದಲ್ಲ, ದಿನವೂ ತಪ್ಪದೆ ನಡೆಯುವ ಸಣ್ಣ ಕೆಲಸದಿಂದ. ಎಲ್ಲವೂ ನಿನ್ನೆಯಂತೆಯೇ ನಡೆಯಬೇಕೆಂದು ಮಗು ಹಟ ಹಿಡಿಯುವುದು ಬೇರೆಡೆ ತೊಡಕಾಗಬಹುದು, ಆದರೆ ಊಟದ ಹೊತ್ತು ತಪ್ಪಿದರೆ ತಟ್ಟೆಯ ಮುಂದೆ ಬಂದು ಕೂರುವ ನಾಯಿಗೆ ಅದೇ ಬೇಕು. ಸಂಜೆ ಏಳಕ್ಕೆ ಒಂದು ಲೋಟ ಆಹಾರವನ್ನು ಅಳೆದು ತಟ್ಟೆಗೆ ಸುರಿದು ಎರಡು ಹೆಜ್ಜೆ ಹಿಂದೆ ಸರಿಯುವುದನ್ನು ಮಗುವಿನ ಕೆಲಸವಾಗಿಸಿ. ಮಾತಾಡದ ಮಗುವಿಗಂತೂ ಇಲ್ಲಿ ದೊಡ್ಡ ಅವಕಾಶವಿದೆ. ನಾಯಿಗಳು ಕೈಸನ್ನೆಯನ್ನು ಬೇಗ ಕಲಿಯುವುದರಿಂದ, ಅಂಗೈಯನ್ನು ಮೇಲಕ್ಕೆತ್ತಿದರೆ ಕೂರಬೇಕೆಂದು ನೀವು ಮೊದಲು ನಾಯಿಗೆ ಚೆನ್ನಾಗಿ ರೂಢಿಮಾಡಿಸಿ, ಆಮೇಲೆ ಅದೇ ಸನ್ನೆಯನ್ನು ಮಗುವಿನಿಂದ ಮಾಡಿಸಿ. ಕೈ ಎತ್ತಿದ ಕೂಡಲೇ ನಾಯಿ ಕೂತಾಗ, ತಾನು ಹೇಳಿದ್ದು ಒಂದು ಜೀವಕ್ಕೆ ತಲುಪಿತೆಂಬುದು ಮಗುವಿಗೆ ಆ ಕ್ಷಣವೇ ಕಾಣುತ್ತದೆ.

ಮಗು ತೀವ್ರವಾಗಿ ಕೆರಳಿ ಅತ್ತು ಹೊರಳಾಡುವಾಗ ನಾಯಿಯನ್ನು ಸಮಾಧಾನಕ್ಕೆಂದು ಮುಂದೆ ತಳ್ಳಬೇಡಿ, ಮೊದಲು ಅದನ್ನು ಅದರ ಮೂಲೆಗೆ ಕಳುಹಿಸಿ. ಎಷ್ಟೇ ಸಾಧುವಾಗಿದ್ದರೂ ಇಬ್ಬರನ್ನೇ ಬಿಟ್ಟು ಹೋಗಬಾರದು.

ತಿಂಗಳುಗಟ್ಟಲೆ ಮಗು ನಾಯಿಯತ್ತ ತಿರುಗಿಯೂ ನೋಡದೆ ಅದೇ ಕೋಣೆಯಲ್ಲಿ ಕೂತಿರುವುದು ಸೋಲಲ್ಲ, ಒಟ್ಟಿಗಿರುವುದಕ್ಕೆ ಅದೂ ಒಂದು ದಾರಿ. ಆದರೆ ನಾಯಿ ಊಟ ಬಿಟ್ಟು ಅಡಗಿಕೊಳ್ಳುತ್ತಿದ್ದರೆ, ಗುರುಗುಟ್ಟುತ್ತಿದ್ದರೆ ಪಶುವೈದ್ಯರನ್ನೂ ತರಬೇತುದಾರರನ್ನೂ ಕಾಣಬೇಕು. ಗುರುಗುಟ್ಟಿದ್ದಕ್ಕೆ ನಾಯಿಯನ್ನು ಹೊಡೆಯಬೇಡಿ, ಹೊಡೆತ ತಿಂದ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚಬಹುದು. ಹೊಂದಿಕೆಯಾಗದಿದ್ದರೆ ಅದನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬುದನ್ನು, ಮಗು ಹೋಗಿ ನೋಡಿಬರಬಹುದಾದ ನೆಂಟರ ಅಥವಾ ಸ್ನೇಹಿತರ ಮನೆಯಲ್ಲಿ, ತರುವ ಮೊದಲೇ ಮಾತಾಡಿಟ್ಟುಕೊಳ್ಳಿ.