ಊಟದ ಬಿಡುವಿನಲ್ಲಿ ಸುಮ್ಮನಿರಬೇಡಿ: ಟಿನ್ ಟೊಮೆಟೊ, ಸೋಲೋ ಆಲ್ಬಮ್ ಮತ್ತು ನಿಮ್ಮ ಅಭಿಪ್ರಾಯ

ಹೊಸ ದೇಶಕ್ಕೆ ಬಂದವರಿಗೆ ಕೆಲಸದ ಮಾತು ಬೇಗ ಒಗ್ಗುತ್ತದೆ. ಕಷ್ಟ ಆಗುವುದು ಊಟದ ಬಿಡುವಿನ ಹರಟೆ. ಬ್ಯಾಂಡ್ ಬಿಟ್ಟು ಬಂದವರಲ್ಲಿ ಯಾರ ಆಲ್ಬಮ್ ಚೆನ್ನಾಗಿದೆ, ಯಾವ ಟಿನ್ ಬೀನ್ಸ್ ರುಚಿ ಅಂತ ಜೊತೆಯವರು ಜೋರಾಗಿ ವಾದ ಮಾಡುತ್ತಿರುತ್ತಾರೆ. ನಮ್ಮವರು ನಕ್ಕು ತಲೆಯಾಡಿಸಿ ಎದ್ದು ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಇಂಥ ಸಣ್ಣ ವಿಷಯದಲ್ಲಿ ನಿಮ್ಮದೇ ಒಂದು ಅಭಿಪ್ರಾಯ, ಅದಕ್ಕೊಂದು ಕಾರಣ ಇದ್ದರೆ ಸಾಕು. ಪರಿಚಯ ಗೆಳೆತನವಾಗುವುದು ಹೆಚ್ಚಾಗಿ ಅಲ್ಲಿಯೇ.

ಟಿನ್ ವಿಷಯ ಮೊದಲು ಹೇಳುತ್ತೇನೆ, ಅದು ಹೊಟ್ಟೆಗೂ ಬೇಕಲ್ವಾ. ಟಿನ್ ಅಂದರೆ ಬರೀ ಕೆಮಿಕಲ್ ಎಂಬ ಭಯ ಹಲವರಿಗಿದೆ. ನಿಜವಾಗಿ ಅದನ್ನು ಕಾಪಾಡುವುದು ಶಾಖ. ಬೀನ್ಸ್, ಕಾಳು, ಮೀನು ಇಂಥವನ್ನು ಗಾಳಿಯಾಡದಂತೆ ಮುಚ್ಚಿ, ಕುಕ್ಕರಿನಲ್ಲಿ ಬೇಯಿಸಿದ ಹಾಗೆ ಒತ್ತಡದಲ್ಲಿ, ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡುತ್ತಾರೆ. ಟೊಮೆಟೊದಲ್ಲಿ ಹುಳಿ ಇರುವುದರಿಂದ ಅಷ್ಟು ಶಾಖ ಬೇಕಾಗುವುದಿಲ್ಲ. ತಗಡಿನ ಡಬ್ಬಿಗೆ ಪೀಟರ್ ಡುರಾಂಡ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1810ರಲ್ಲಿ. ಅದನ್ನು ತೆರೆಯುವ ಓಪನರ್ ಬರಲು ಇನ್ನೂ ಕೆಲವು ದಶಕ ಬೇಕಾಯಿತು. ಅಲ್ಲಿಯವರೆಗೆ ಉಳಿ, ಸುತ್ತಿಗೆ! ಈ ಸಂಗತಿ ಹೇಳಿ ನೋಡಿ, ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ.

ಟಿನ್ನಿನ ಯೋಗ್ಯತೆ ಮುಂದಿನ ಚಿತ್ರದಲ್ಲಿಲ್ಲ, ಹಿಂದಿನ ಚೀಟಿಯಲ್ಲಿದೆ. ಜಾಸ್ತಿ ಇರುವ ಪದಾರ್ಥ ಮೊದಲು ಬರುತ್ತದೆ. ನೀರು ಬಸಿದ ಮೇಲಿನ ತೂಕ ಬರೆದಿದ್ದರೆ ಅದನ್ನೇ ಹೋಲಿಸಿ. ಟೊಮೆಟೊ ಕೊಳ್ಳುವಾಗ ನನ್ನ ಓಟು ಯಾವಾಗಲೂ ಇಡೀ ಹಣ್ಣಿನ ಟಿನ್ನಿಗೆ. ಹೆಚ್ಚಿದ ಟೊಮೆಟೊ ಗಟ್ಟಿಯಾಗಿರಲಿ ಅಂತ ಎಷ್ಟೋ ಕಡೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರುತ್ತಾರೆ, ಎಷ್ಟು ಕುದಿಸಿದರೂ ಅದು ಕರಗಿ ಗೊಜ್ಜಾಗುವುದಿಲ್ಲ. ಸಸ್ಯಾಹಾರಿಗಳು ಬೀನ್ಸ್ ಟಿನ್ನನ್ನು ಪೂರ್ತಿ ಓದಿಯೇ ಕೊಳ್ಳಿ, ಕೆಲವದರಲ್ಲಿ ಹಂದಿಮಾಂಸ ಇರುತ್ತದೆ. ಕಾಳಿನ ಟಿನ್ ಆದರೆ ನೀರು ಬಸಿದು ತೊಳೆಯಿರಿ, ಉಪ್ಪು ಸಾಕಷ್ಟು ಕಡಿಮೆಯಾಗುತ್ತದೆ. ಉಬ್ಬಿದ, ಸೋರುವ, ಅಂಚಿನಲ್ಲಿ ನೆಗ್ಗಿದ ಟಿನ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಟಿನ್ ತೆರೆದ ಮೇಲೆ ಉಳಿದದ್ದನ್ನು ಬೇರೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ.

ಇನ್ನು ಹಾಡು. ಇಲ್ಲಿ ಹೊಸಬರು ಹಿಂಜರಿಯುವುದು ಜಾಸ್ತಿ, ಯಾಕೆಂದರೆ ಉಳಿದವರು ಇವನ್ನು ಕೇಳುತ್ತಲೇ ಬೆಳೆದವರು. ಆದರೆ ಸೋಲೋ ಆಲ್ಬಮ್, ಅಂದರೆ ಗುಂಪಿನ ಹೊರಗೆ ಒಬ್ಬರ ಹೆಸರಿನಲ್ಲೇ ಬಂದ ಆಲ್ಬಮ್, ತೂಗಲು ಆ ನೆನಪು ಬೇಕಿಲ್ಲ. ಒಂದು ಪ್ರಶ್ನೆ ಸಾಕು: ಗುಂಪಿನಲ್ಲಿದ್ದಾಗ ಮಾಡಲಾಗದ ಏನನ್ನು ಇವರು ಇಲ್ಲಿ ಮಾಡಿದ್ದಾರೆ?

ಬೀಟಲ್ಸ್ ಬ್ಯಾಂಡಿನಲ್ಲಿ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಬರೆದ ಹಾಡುಗಳೇ ಬಹುಪಾಲು ಜಾಗ ತುಂಬುತ್ತಿದ್ದವು. ಅದೇ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಬರೆದದ್ದಕ್ಕೆ ಒಂದು ಆಲ್ಬಮ್‌ನಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಜಾಗ. ಗುಂಪು ಒಡೆದ 1970ರಲ್ಲೇ ಅವರು ಮೂರು ರೆಕಾರ್ಡುಗಳ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ತಂದರು. ಕೂಡಿಟ್ಟದ್ದೆಲ್ಲ ಒಮ್ಮೆಗೇ ಹೊರಬಂದ ಹಾಗಿದೆ. ಮೂರನೆಯ ರೆಕಾರ್ಡ್ ನನಗೆ ಬೇಡ ಅನಿಸುತ್ತದೆ, ಮೊದಲೆರಡನ್ನು ಮಾತ್ರ ಬಿಟ್ಟುಕೊಡಲಾರೆ. ಜಾರ್ಜ್ ಮೈಕೆಲ್ ವಿಷಯ ಬೇರೆ. ಮೊದಲು ಅವರಿದ್ದ ವ್ಯಾಮ್ ಎಂಬ ಪಾಪ್ ಜೋಡಿಯಲ್ಲೂ ಹಾಡು ಬರೆಯುತ್ತಿದ್ದವರು ಮುಖ್ಯವಾಗಿ ಅವರೇ. ಹಾಗಾಗಿ 1987ರ 'ಫೇತ್'ನಲ್ಲಿ ಹೊಸತು ಹುಡುಕುವುದಾದರೆ, ಹದಿಹರೆಯದ ಪಾಪ್ ಬಿಟ್ಟು ದೊಡ್ಡವರಿಗಾಗಿ ಹಾಡಿದ ಆ ದನಿಯಲ್ಲಿ ಹುಡುಕಿ.

ಹಿಟ್ ಹಾಡೊಂದನ್ನೇ ಕೇಳಿ ತೀರ್ಪು ಕೊಡಬೇಡಿ. ಟೇಕ್ ದಟ್ ಬ್ಯಾಂಡ್ ಬಿಟ್ಟು ಬಂದ ರಾಬಿ ವಿಲಿಯಮ್ಸ್ ಅವರ 1997ರ ಮೊದಲ ಸೋಲೋ ಆಲ್ಬಮ್ ಮೊದಮೊದಲು ಅಷ್ಟಾಗಿ ಓಡಲಿಲ್ಲ, 'ಏಂಜಲ್ಸ್' ಹಿಟ್ ಆದ ಮೇಲೆ ಮೇಲೆದ್ದಿತು. ಒಂದು ಹಾಡು ಇಡೀ ಆಲ್ಬಮ್ಮನ್ನು ಹೊತ್ತುಕೊಂಡು ಹೋಗಬಲ್ಲದು, ಆದರೆ ಉಳಿದ ಹಾಡುಗಳು ಅದರಿಂದ ಚೆನ್ನಾಗಿಬಿಡುವುದಿಲ್ಲ. ಆರನೆಯ, ಏಳನೆಯ ಹಾಡಿನಲ್ಲೂ ನಿಮ್ಮ ಕಿವಿ ನಿಂತಿದೆಯಾ ನೋಡಿ. ಹಾಡಿನ ಕ್ರಮ ಕದಲಿಸದೆ, ಎರಡು ಸಲ ಪೂರ್ತಿ ಕೇಳಿ.

ಮಾತಿಗೆ ಕೂತಾಗ ಎಷ್ಟು ಕೋಟಿ ಪ್ರತಿ ಮಾರಾಟವಾಯಿತು ಎಂಬ ಲೆಕ್ಕ ತರಬೇಡಿ. ಅದರಿಂದ ಮಾತು ನಿಂತುಹೋಗುತ್ತದೆ. ಕೇಳದ ಆಲ್ಬಮ್ ಹೆಸರು ಬಂದರೆ, ಯಾವ ಹಾಡಿನಿಂದ ಶುರು ಮಾಡಲಿ ಅಂತ ಕೇಳಿ. ಮರುದಿನ ಕೇಳಿಕೊಂಡು ಹೋಗಿ, ಇಷ್ಟವಾಗದಿದ್ದರೆ ಯಾಕೆ ಅಂತಲೂ ಹೇಳಿ. ಸುಮ್ನೆ ಒಪ್ಪುವವರಿಗಿಂತ ವಾದಕ್ಕೆ ನಿಲ್ಲುವವರನ್ನು ಅವರು ಬೇಗ ಹತ್ತಿರ ಕರೆಯುತ್ತಾರೆ.

ಎಲ್ಲಿಂದ ಶುರು ಮಾಡುವುದು ಅಂದರೆ, ಸಹೋದರರ ಗುಂಪಿನಲ್ಲಿ ಹಾಡುತ್ತಿದ್ದ ಮೈಕೆಲ್ ಜಾಕ್ಸನ್ ಅವರ 1979ರ 'ಆಫ್ ದ ವಾಲ್'. ನಿರ್ಮಾಪಕ ಕ್ವಿನ್ಸಿ ಜೋನ್ಸ್, ಒಟ್ಟು 10 ಹಾಡು. 1982ರ 'ಥ್ರಿಲ್ಲರ್'ಗಿಂತ ಇದೇ ಮೇಲು ಅಂತ ನಾನು ಯಾವ ಟೇಬಲ್ಲಿನಲ್ಲಾದರೂ ವಾದಿಸುತ್ತೇನೆ, ಯಾಕೆಂದರೆ ಇದರಲ್ಲಿ ದಾಟಿಸಿ ಮುಂದೆ ಹೋಗಬೇಕು ಅನಿಸುವ ಹಾಡು ಒಂದೂ ಇಲ್ಲ.